ಶುಲ್ಕ ಮಾಫಿಯ ಮಾತು ಅರ್ಜಿಗೆ ಮೊದಲೇ ಮನೆಗೆ ತಲುಪಲಿ

ಮಾನ್ಯ ಸಂಪಾದಕರೇ,

ಕೂಲಿ ಮಾಡುವವರ ಮಕ್ಕಳು ಪ್ರತಿಷ್ಠಿತ ವಿಶ್ವವಿದ್ಯಾಲಯಗಳಲ್ಲಿ ಏಕೆ ಇಷ್ಟು ವಿರಳ ಎಂಬ ಪ್ರಶ್ನೆ ಎದ್ದಾಗಲೆಲ್ಲ, ಅಂಕ ಸಾಲದು, ತಯಾರಿ ಸಾಲದು ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಹಳ ವರ್ಷ ವಿದ್ಯಾರ್ಥಿಗಳ ಅರ್ಜಿ ತುಂಬಲು ನೆರವಾದ ಅಧ್ಯಾಪಕಿಯಾಗಿ ನಾನು ಕಂಡದ್ದೇ ಬೇರೆ. ಒಳ್ಳೆಯ ಅಂಕ ಪಡೆದ ಮಕ್ಕಳೂ ಶುಲ್ಕದ ಪಟ್ಟಿ ನೋಡಿ, ಮನೆಯಲ್ಲಿ ಆ ವಿಷಯ ಎತ್ತುವುದಕ್ಕೂ ಹಿಂಜರಿದು, ಅರ್ಜಿಯನ್ನೇ ಹಾಕದೆ ಉಳಿಯುತ್ತಾರೆ. ಅಂಥವರು ಎಷ್ಟು ಮಂದಿ ಎಂಬುದು ಯಾವ ವಿಶ್ವವಿದ್ಯಾಲಯದ ಲೆಕ್ಕಕ್ಕೂ ಸಿಗುವುದಿಲ್ಲ.

ಪಟ್ಟಿಯಲ್ಲಿರುವ ಶುಲ್ಕವನ್ನೇ ಎಲ್ಲರೂ ಕಟ್ಟಬೇಕಾಗಿಲ್ಲ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2001ರಲ್ಲಿಯೇ ಸಾಲದ ಬದಲು ಮರಳಿಸಬೇಕಿಲ್ಲದ ನೆರವು ಕೊಡಲು ಆರಂಭಿಸಿತು. ವಾರ್ಷಿಕ ಆದಾಯ ಒಂದು ಲಕ್ಷ ಡಾಲರ್‌ವರೆಗಿನ ಕುಟುಂಬದ ವಿದ್ಯಾರ್ಥಿಗಳ ಬೋಧನೆ, ವಸತಿ, ಊಟದ ವೆಚ್ಚವನ್ನೆಲ್ಲ ತಾನೇ ಭರಿಸುವುದಾಗಿ ಹಾರ್ವರ್ಡ್ 2025ರಲ್ಲಿ ಪ್ರಕಟಿಸಿತು. ಆದರೆ ತನಗೆ ಎಷ್ಟು ನೆರವು ಸಿಗುತ್ತದೆ ಎಂಬುದು ವಿದ್ಯಾರ್ಥಿಗೆ ಖಚಿತವಾಗುವುದು ಹತ್ತಾರು ಪುಟಗಳ ದಾಖಲೆ ಒದಗಿಸಿ, ಸೀಟು ಸಿಕ್ಕ ನಂತರ. ಕೈಯಲ್ಲಿ ಉಳಿತಾಯವಿರುವ ಮನೆಯವರು ಅಲ್ಲಿಯವರೆಗೆ ಕಾದು ನೋಡಬಹುದು. ದಿನಗೂಲಿಯ ಮನೆಯಲ್ಲಿ ಹಾಗೆ ಕಾಯುವ ಧೈರ್ಯ ಹೇಗೆ ಬಂದೀತು?

ಈ ಮಾತಿಗೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ 2015ರಲ್ಲಿ ಕೈಗೊಂಡ ಪ್ರಯೋಗ ಸ್ಪಷ್ಟ ಆಧಾರ ಒದಗಿಸುತ್ತದೆ. ಆ ರಾಜ್ಯದ ಕಡಿಮೆ ಆದಾಯದ ಕುಟುಂಬಗಳ ಪ್ರತಿಭಾವಂತ ವಿದ್ಯಾರ್ಥಿಗಳಿಗೆ, ಅವರು ಅರ್ಜಿ ಹಾಕುವ ಮುನ್ನವೇ, ಪ್ರವೇಶ ದೊರೆತರೆ ನಾಲ್ಕು ವರ್ಷ ಬೋಧನಾ ಶುಲ್ಕ ಇರುವುದಿಲ್ಲ, ಇದಕ್ಕಾಗಿ ಆದಾಯದ ದಾಖಲೆಗಳನ್ನು ಸಲ್ಲಿಸಬೇಕಾಗಿಯೂ ಇಲ್ಲ ಎಂದು ಭರವಸೆ ನೀಡುವ ಪತ್ರ ಕಳುಹಿಸಲಾಯಿತು. ಪೋಷಕರಿಗೂ ಶಾಲೆಯ ಮುಖ್ಯಸ್ಥರಿಗೂ ವಿಷಯ ತಿಳಿಸಲಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಮಾಮೂಲಿ ದಾರಿಯಲ್ಲಿ ಅರ್ಜಿ ಹಾಕಿದ್ದರೂ ಹೆಚ್ಚುಕಡಿಮೆ ಅಷ್ಟೇ ನೆರವು ಸಿಗುತ್ತಿತ್ತು. ಹೀಗಿದ್ದೂ, ಪತ್ರ ಬಾರದ ಗುಂಪಿನಲ್ಲಿ ಶೇ 26ರಷ್ಟು ಮಂದಿ ಅರ್ಜಿ ಹಾಕಿದರೆ, ಪತ್ರ ಬಂದವರಲ್ಲಿ ಶೇ 68ರಷ್ಟು ಮಂದಿ ಹಾಕಿದರು. ಅಲ್ಲಿ ಸೇರಿದವರ ಪ್ರಮಾಣವೂ ಎರಡು ಪಟ್ಟಿಗಿಂತ ಹೆಚ್ಚಾಯಿತು. ಎರಡೂ ಗುಂಪಿನ ಮಕ್ಕಳು ಒಂದೇ ಬಗೆಯವರು, ಅಂಕಗಳೂ ಹೆಚ್ಚುಕಡಿಮೆ ಅಷ್ಟೇ. ಮೊದಲೇ ಸಿಕ್ಕ ಒಂದು ಖಾತರಿಯ ಮಾತು ಇಷ್ಟು ಕೆಲಸ ಮಾಡಿತು.

ಹಣದ ಆತಂಕ ನೀಗಿದರೂ ಅರ್ಜಿ ನಮೂನೆ ಎದುರಾಗುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು 'ಪಠ್ಯೇತರ ಸಾಧನೆಗಳು' ಎಂಬ ಜಾಗವನ್ನು ಖಾಲಿ ಬಿಟ್ಟು ನನ್ನ ಮುಂದೆ ಅರ್ಜಿ ಇಟ್ಟಿದ್ದಳು. ವಿಚಾರಿಸಿದಾಗ, ಮೂರು ವರ್ಷಗಳಿಂದ ಅಪ್ಪನ ಕೂಲಿಯ ಲೆಕ್ಕವನ್ನು ನೋಟುಪುಸ್ತಕದಲ್ಲಿ ಬರೆದಿಟ್ಟು, ಮೇಸ್ತ್ರಿ ಕಡಿಮೆ ಕೊಟ್ಟ ದಿನಗಳನ್ನು ಗುರುತಿಸಿ, ಬಾಕಿ ಕೇಳಿ ವಸೂಲು ಮಾಡುತ್ತಿದ್ದವಳು ಅವಳೇ ಎಂದು ತಿಳಿಯಿತು. ಸಂಜೆ ತಮ್ಮಂದಿರನ್ನು ನೋಡಿಕೊಳ್ಳುವುದೂ ಅವಳ ಪಾಲಿಗಿತ್ತು. 'ಅದನ್ನೂ ಬರೆಯಬಹುದಾ ಮೇಡಂ?' ಎಂದು ಅವಳು ಕೇಳಿದ್ದನ್ನು ನಾನು ಮರೆತಿಲ್ಲ. ಅದೇ ಅರ್ಜಿಯ ಇನ್ನೊಂದು ಪುಟ ತಂದೆಯ ಸಂಬಳದ ಚೀಟಿ ಕೇಳುತ್ತಿತ್ತು. ಚೀಟಿಯೇ ಇಲ್ಲದ ದುಡಿಮೆಗೆ ಅಲ್ಲಿ ಜಾಗವಿರಲಿಲ್ಲ.

ಇನ್ನೊಂದು ತುದಿಯಲ್ಲಿರುವವರಿಗೆ ದಾರಿ ಎಷ್ಟು ಸಲೀಸು ಎಂಬುದನ್ನು ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2023ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಪ್ರವೇಶ ಪರೀಕ್ಷೆಯಲ್ಲಿ ಸಮಾನ ಅಂಕ ಪಡೆದಿದ್ದರೂ, ಅಮೆರಿಕದ ಅತ್ಯಂತ ಸಿರಿವಂತ ಶೇ 1ರಷ್ಟು ಕುಟುಂಬಗಳ ಮಕ್ಕಳು ಅಲ್ಲಿನ ಉನ್ನತ ವಿಶ್ವವಿದ್ಯಾಲಯಗಳಿಗೆ ಸೇರುವ ಸಾಧ್ಯತೆ ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಆದ್ಯತೆ ಇದಕ್ಕೊಂದು ಮುಖ್ಯ ಕಾರಣ. ಆ ಆದ್ಯತೆಯನ್ನು ಕೈಬಿಟ್ಟಿರುವುದಾಗಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ 2020ರಲ್ಲಿ ತಿಳಿಸಿತು. ಉಳಿದವರಿಗೂ ಅದು ಅಸಾಧ್ಯವೇನಲ್ಲ.

ಸೀಟು ಸಿಕ್ಕ ಮೇಲೂ ಠೇವಣಿ, ಪ್ರಯಾಣ, ಮೊದಲ ತಿಂಗಳ ಖರ್ಚುಗಳಿಗೆ ಹಣ ಬೇಕಾಗುವುದು ವಿದ್ಯಾರ್ಥಿವೇತನ ಕೈಸೇರುವ ಮೊದಲು. ಈ ನಡುವಿನ ಕೆಲವೇ ವಾರಗಳಲ್ಲಿ ಬಡ್ಡಿಗೆ ಸಾಲ ತಂದ ತಂದೆತಾಯಿಯರನ್ನು ನಾನು ನೋಡಿದ್ದೇನೆ.

ಆದ್ದರಿಂದ ವಿಶ್ವವಿದ್ಯಾಲಯಗಳು ಶುಲ್ಕದ ಪಟ್ಟಿಯ ಪಕ್ಕದಲ್ಲೇ, ಯಾವ ಆದಾಯದವರು ನಿಜವಾಗಿ ಎಷ್ಟು ಕಟ್ಟಬೇಕು ಎಂಬುದನ್ನು ಸರಳ ಭಾಷೆಯಲ್ಲಿ ಪ್ರಕಟಿಸಬೇಕು; ಅರ್ಹ ವಿದ್ಯಾರ್ಥಿಗಳ ಮನೆಗೆ ಆ ಭರವಸೆಯನ್ನು ಅರ್ಜಿಯ ಅವಧಿಗೆ ಮೊದಲೇ ಪತ್ರದ ಮೂಲಕ ತಲುಪಿಸಬೇಕು; ನೆರವಿನ ಮೊದಲ ಕಂತನ್ನು ಠೇವಣಿಯ ಕೊನೆಯ ದಿನಾಂಕಕ್ಕೆ ಮುಂಚೆ ಬಿಡುಗಡೆ ಮಾಡಬೇಕು. ಅರ್ಜಿ ನಮೂನೆಗಳನ್ನು ರೂಪಿಸುವವರು ಮನೆಯ ದುಡಿಮೆಯನ್ನೂ ಸಾಧನೆಯೆಂದು ಬರೆಯಲು ಸ್ಪಷ್ಟವಾಗಿ ಆಹ್ವಾನಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಕಿ