ಕಾಲಿಗೆ ಹೊಡೆದರೆ ಜೀವಕ್ಕೇನೂ ಆಗದು ಎಂಬ ನಂಬಿಕೆ

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲು ಶುರುವಾಯಿತೆಂದರೆ ಮಲೆನಾಡಿನ ಒಂಟಿಮನೆಗಳಲ್ಲಿ ಕಳ್ಳರ ಮಾತು ಏಳುತ್ತದೆ, ಅದರ ಬೆನ್ನಿಗೇ ಕೋವಿಯ ಮಾತೂ ಬರುತ್ತದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಪರೂಪವೇನಲ್ಲ. ‘ಸಾಯಿಸೋದು ಬೇಡ, ಕಾಲಿಗೆ ಒಂದು ಈಡು ಬಿಟ್ರೆ ಸಾಕು’ ಎನ್ನುವುದನ್ನು ಸಭ್ಯರೂ ತಿಳಿದವರೂ ಸಲೀಸಾಗಿ ಹೇಳುತ್ತಾರೆ. ‘ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು’ ಎಂಬ ತಲೆಬರಹಗಳನ್ನು ಓದಿ ಓದಿ ಈ ನಂಬಿಕೆ ಗಟ್ಟಿಯಾಗಿದೆ. ಶರೀರರಚನೆ ಗೊತ್ತಿರುವ ಯಾರೂ ಇದನ್ನು ಒಪ್ಪಲಾರರು.

ತೊಡೆಸಂದಿನ ನಡುಭಾಗದಲ್ಲಿ ಬೆರಳಿಟ್ಟು ಒತ್ತಿದರೆ ನಾಡಿ ಬಡಿಯುವುದು ತಿಳಿಯುತ್ತದೆ. ಅದು ತೊಡೆಯ ಮುಖ್ಯ ಅಪಧಮನಿ, ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪ. ಅಲ್ಲಿಂದ ತೊಡೆಯ ಒಳಬದಿಯಲ್ಲಿ ಇಳಿದು, ಮಂಡಿಯ ಹಿಂಭಾಗಕ್ಕೆ ಹೊರಳಿ, ಮೀನಖಂಡದೊಳಗೆ ಕವಲೊಡೆಯುತ್ತದೆ. ವಯಸ್ಕರ ಮೈಯಲ್ಲಿರುವ ರಕ್ತ ಸುಮಾರು 5 ಲೀಟರ್. ಅದರಲ್ಲಿ 2 ಲೀಟರ್ ಹೋದರೆ ಜೀವ ಉಳಿಯುವುದು ಕಷ್ಟ. ಈ ನಾಳಕ್ಕೆ ಪೆಟ್ಟು ಬಿದ್ದರೆ ಅಷ್ಟು ರಕ್ತ ಹರಿದುಹೋಗಲು ಕೆಲವೇ ನಿಮಿಷ ಸಾಕು. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ. ಪೂರ್ತಿ ತುಂಡಾದ ನಾಳ ಕೆಲವೊಮ್ಮೆ ತಾನಾಗಿ ಮುದುಡಿ, ಒಳಕ್ಕೆ ಸರಿದು ರಕ್ತ ತಗ್ಗುತ್ತದೆ. ಒಂದು ಬದಿ ಮಾತ್ರ ಸೀಳಿದ ನಾಳ ಹಾಗೆ ಮುದುಡಲಾರದು, ಬಾಯಿ ತೆರೆದುಕೊಂಡೇ ಸುರಿಸುತ್ತದೆ. ಚರೆಯ (ಕೋವಿಯಿಂದ ಒಟ್ಟಿಗೇ ಹಾರುವ ಸಣ್ಣ ಸೀಸದ ಕಾಳುಗಳ) ಒಂದೇ ಕಾಳು ಮಾಡುವ ಗಾಯ ಈ ಎರಡನೆಯ ಬಗೆಯದಾಗಿರಬಹುದು. ಹೊರಗಿನಿಂದ ನೋಡಿದರೆ ಅದು ಮೊಳೆ ಚುಚ್ಚಿದಷ್ಟೇ ಇರುತ್ತದೆ.

ತೊಡೆಮೂಳೆ ಮುರಿದರಂತೂ ಹೊರಗೆ ಹನಿ ರಕ್ತ ಕಾಣದಿದ್ದರೂ ತೊಡೆಯೊಳಗೇ ಒಂದು, ಒಂದೂವರೆ ಲೀಟರ್ ಶೇಖರವಾಗಬಲ್ಲದು. ಮಂಡಿಯ ಹಿಂದಿನ ನಾಳಕ್ಕೆ ಏಟಾದರೆ ಜೀವ ಉಳಿದರೂ ಕಾಲು ಉಳಿಯುವುದು ಅನುಮಾನ. ಸುಮಾರು 6 ಗಂಟೆಯೊಳಗೆ ರಕ್ತಸಂಚಾರ ಮರಳದಿದ್ದರೆ ಸ್ನಾಯುಗಳು ಸಾಯತೊಡಗುತ್ತವೆ. ನಾಳ ಜೋಡಿಸುವ ಶಸ್ತ್ರಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯ ಕೆಲಸವಲ್ಲ, ಶಿವಮೊಗ್ಗಕ್ಕೋ ಘಟ್ಟ ಇಳಿದು ಮಣಿಪಾಲಕ್ಕೋ ಹೋಗಬೇಕು. ಸಿನಿಮಾದಲ್ಲಿ ಭುಜಕ್ಕೆ ಗುಂಡು ತಗುಲಿದ ನಾಯಕ ಮರುದಿನ ಓಡಾಡುತ್ತಾನೆ. ನಿಜದಲ್ಲಿ ಕೊರಳೆಲುಬಿನ ಕೆಳಗೆ ತೋಳಿನ ದೊಡ್ಡ ರಕ್ತನಾಳ, ಕೈಯ ನರಗಳ ಗೊಂಚಲು, ಶ್ವಾಸಕೋಶದ ತುದಿ ಮೂರೂ ಅಂಗೈಯಗಲದ ಜಾಗದಲ್ಲಿವೆ.

ಇನ್ನು ಕೋವಿಯ ಕಡೆಯಿಂದ ನೋಡಿ. 12 ಬೋರ್ (ನಳಿಗೆಯ ಅಳತೆ) ತೋಟೆಯ, ಅಂದರೆ ಮದ್ದು, ಚರೆ ತುಂಬಿದ ಕೊಳವೆಯ, ಚರೆ ಹರಡುವ ಅಂದಾಜು ಲೆಕ್ಕ ಗಜಕ್ಕೆ ಒಂದು ಇಂಚು. ಪಡಸಾಲೆಯ ಒಳಗೆ, ಎರಡು ಮೀಟರ್ ದೂರದಲ್ಲಿ, ಚರೆ ಬಿಡಿಬಿಡಿಯಾಗುವುದೇ ಇಲ್ಲ. ಇಡೀ ಮುದ್ದೆ ಒಂದೇ ರಂಧ್ರದಲ್ಲಿ ನುಗ್ಗುತ್ತದೆ, ಜೊತೆಗೆ ತೋಟೆಯೊಳಗಿನ ಬಿಲ್ಲೆ, ಲುಂಗಿಯ ಚೂರು, ಮಸಿ ಎಲ್ಲವೂ ಗಾಯದೊಳಗೆ ಸೇರುತ್ತವೆ. ಅಂಗಳದಾಚೆ 20 ಮೀಟರ್ ದೂರಕ್ಕೆ ಹೊಡೆದರೆ ಅದೇ ಚರೆ ಅರ್ಧ ಮೀಟರಿಗೂ ಅಗಲ ಹರಡುತ್ತದೆ. ತೊಡೆಗೆಂದು ಗುರಿಯಿಟ್ಟರೆ ಮಂಡಿಯಿಂದ ಕಿಬ್ಬೊಟ್ಟೆಯವರೆಗೆ ಎಲ್ಲಿ ಬೇಕಾದರೂ ತಗುಲೀತು. ಕೈಯಲ್ಲೇ ಮದ್ದು ತುಂಬುವ ಕೇಪಿನ ಕೋವಿಗಂತೂ ಒಂದು ಈಡಿನಂತೆ ಇನ್ನೊಂದು ಈಡು ಬೀಳುವ ಖಾತ್ರಿಯೇ ಇಲ್ಲ. ಕತ್ತಲೆ, ನಡುಗುವ ಕೈ, ಓಡುತ್ತಿರುವ ಕಾಲು ಇವನ್ನೂ ಸೇರಿಸಿಕೊಳ್ಳಿ. ಮನುಷ್ಯನ ಮೇಲೆ ಹಾರಿಸಿದ ಪ್ರತಿ ಈಡೂ ಪ್ರಾಣ ತೆಗೆಯಬಲ್ಲದ್ದೇ. ಗಾಯ ಮಾತ್ರ ಮಾಡುವ ಈಡು ಎಂಬುದು ಕೋವಿಯಲ್ಲಿ ಇಲ್ಲ.

ಕಾನೂನು ನೋಡುವುದೂ ಹೆಚ್ಚುಕಡಿಮೆ ಹೀಗೆಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಸ್ವರಕ್ಷಣೆಯ ಹಕ್ಕನ್ನು ಕೊಡುತ್ತವೆ. ಆದರೆ ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕಿಲ್ಲ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು 37ನೇ ಕಲಮು ಹೇಳುತ್ತದೆ. ರಾತ್ರಿ ಮನೆ ಒಡೆದು ನುಗ್ಗುವುದು, ದರೋಡೆ, ಮನೆಗೆ ಬೆಂಕಿ ಇಡುವುದು ಒಂದು ಮಾತು. ಅಂಗಳದ ಅಡಿಕೆ ಹೊತ್ತು ಬೆನ್ನು ತಿರುಗಿಸಿ ಓಡುತ್ತಿರುವವನು ಇನ್ನೊಂದು ಮಾತು. ಅವನ ಕಾಲಿಗೆ ಹೊಡೆದವರ ಮೇಲೂ ಕೊಲೆ ಯತ್ನದ ಮೊಕದ್ದಮೆ ಹೂಡಬಹುದು. ಬಾಗಿಲು ಭದ್ರಪಡಿಸಿ, ಅಂಗಳದ ದೀಪ ಹಾಕಿ, 112ಕ್ಕೆ ಕರೆ ಮಾಡಿ, ಅಕ್ಕಪಕ್ಕದ ಮನೆಯವರನ್ನು ಕೂಗಿ ಎನ್ನುವುದು ಹೇಡಿತನವಲ್ಲ.

ಕಳ್ಳನಿಗಿಂತ ಹೆಚ್ಚಾಗಿ ಶಿಕಾರಿಯಲ್ಲಿ ಜೊತೆಗಾರನಿಗೆ, ಕೋವಿ ಒರೆಸುವಾಗ ಮನೆಯವರಿಗೇ ಏಟು ಬೀಳುವ ಸುದ್ದಿಗಳನ್ನು ನಿಮ್ಮ ಪತ್ರಿಕೆಯೂ ಪ್ರಕಟಿಸುತ್ತದೆ. ಹಾಗಾಗಿ ಕೋವಿ ಇರುವ ಪ್ರತಿ ಮನೆಯಲ್ಲೂ ರಕ್ತ ನಿಲ್ಲಿಸಲು ಬಲ್ಲವರು ಒಬ್ಬರಾದರೂ ಇರಲೇಬೇಕು. ಮೊದಲು ಕೋವಿಯ ನಳಿಗೆ ಬಾಗಿಸಿ ತೆರೆದು ತೋಟೆ ತೆಗೆಯಿರಿ. ಒಬ್ಬರು 108ಕ್ಕೆ ಕರೆ ಮಾಡುತ್ತಿರಲಿ, ಇನ್ನೊಬ್ಬರು ಬಟ್ಟೆ ಹರಿದು ಗಾಯ ಹುಡುಕಲಿ. ಮುಂದೆ, ಹಿಂದೆ, ತೊಡೆಸಂದು, ಕಂಕುಳು ಎಲ್ಲವನ್ನೂ ನೋಡಬೇಕು. ರಕ್ತ ಬರುವಲ್ಲಿಗೇ ಬಟ್ಟೆಯಿಟ್ಟು ಮೈಭಾರ ಹಾಕಿ ಅಂಗೈಯ ಬುಡದಿಂದ ಒತ್ತಬೇಕು.

ಕೈಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದರೆ ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ, ಮಂಡಿ, ಮೊಣಕೈಯಂಥ ಕೀಲಿನ ಮೇಲೆ ಬಾರದಂತೆ, ಎರಡು ಇಂಚು ಅಗಲದ ಪಂಚೆಯ ಪಟ್ಟಿ ಕಟ್ಟಿ, ಅದರೊಳಗೆ ಗಟ್ಟಿ ಕೋಲು ತೂರಿಸಿ ರಕ್ತ ನಿಲ್ಲುವವರೆಗೆ ತಿರುಚಿ, ಕೋಲು ಬಿಚ್ಚದಂತೆ ಬಿಗಿಯಿರಿ. ಇಲ್ಲಿ ಆಗುವ ತಪ್ಪುಗಳು ಹಲವು. ತೆಳು ಪ್ಲಾಸ್ಟಿಕ್ ಹಗ್ಗ ಚರ್ಮ ಕೊಯ್ಯುತ್ತದೆಯೇ ಹೊರತು ಆಳದ ನಾಳವನ್ನು ಅದುಮುವುದಿಲ್ಲ. ಅರೆಬರೆ ಬಿಗಿದರೆ ಮೇಲಿನ ಅಭಿಧಮನಿ ಮಾತ್ರ ಮುಚ್ಚಿ, ಒಳಗೆ ಬಂದ ರಕ್ತ ಹಿಂತಿರುಗಲಾಗದೆ ಗಾಯದಿಂದ ಇನ್ನಷ್ಟು ಸುರಿಯುತ್ತದೆ. ನೋವಿಗೆ ಕೂಗಿಕೊಂಡರೆಂದು ಐದೈದು ನಿಮಿಷಕ್ಕೆ ಸಡಿಲಿಸುವುದು ಹಳೆಯ ಪಾಠ, ಅದನ್ನು ಮರೆತುಬಿಡಿ. ಕಟ್ಟಿದ ಸಮಯವನ್ನು ಹಣೆಯ ಮೇಲೇ ಬರೆಯಿರಿ. 2 ಗಂಟೆಯವರೆಗೆ ಕಾಲಿಗೆ ಸಾಮಾನ್ಯವಾಗಿ ಅಪಾಯವಿಲ್ಲ. ಬಿಚ್ಚುವುದು ವೈದ್ಯರ ಕೆಲಸ.

ತೊಡೆಸಂದು, ಕಂಕುಳಲ್ಲಿ ಪಟ್ಟಿ ಕಟ್ಟಲಾಗದು. ಅಲ್ಲಿ ಶುಚಿಯಾದ ಹತ್ತಿಬಟ್ಟೆಯನ್ನು ರಕ್ತ ಬರುವ ಆಳಕ್ಕೇ ಬೆರಳಿನಿಂದ ತುರುಕಿ, ತುಂಬಿದ ಮೇಲೆ ಕನಿಷ್ಠ 10 ನಿಮಿಷ ಎತ್ತದೆ ಒತ್ತಬೇಕು. ನಿಂತಿತೇ ಎಂದು ಇಣುಕಬಾರದು. ಎದೆ, ಹೊಟ್ಟೆಯೊಳಕ್ಕೆ ಮಾತ್ರ ಏನನ್ನೂ ತುರುಕಬೇಡಿ. ಎದೆಯ ರಂಧ್ರವನ್ನು ಗಾಳಿಯಾಡದಂತೆ ಮುಚ್ಚಲೂಬೇಡಿ. ಕಾಫಿಪುಡಿ, ಅರಿಶಿನ, ಸುಣ್ಣ ಯಾವುದೂ ಬೇಡ. ಕುಡಿಯಲು ನೀರೂ ಬೇಡ. ಮಲಗಿಸಿ ಕಂಬಳಿ ಹೊದಿಸಿ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ಕುಗ್ಗುತ್ತದೆ, ಮಳೆಗಾಲದ ರಾತ್ರಿಯಲ್ಲಿ ಇದು ಸಣ್ಣ ಮಾತಲ್ಲ. ಚಾಕುವಿನಿಂದ ಚರೆ ಕೀಳುವ ಸಾಹಸ ಖಂಡಿತ ಬೇಡ. ಮಾಂಸದಲ್ಲಿ ಉಳಿದ ಸೀಸ ಬಹುಪಾಲು ಸುಮ್ಮನಿರುತ್ತದೆ. ಕೀಲಿನೊಳಗೆ ಕುಳಿತದ್ದು ಮಾತ್ರ ಕರಗಿ ವಿಷವೇರಿಸುವುದರಿಂದ ವೈದ್ಯರೇ ಅದನ್ನು ತೆಗೆಯುತ್ತಾರೆ. ಆಂಬುಲೆನ್ಸ್ ಬರಲಾರದ ದಾರಿಯಾದರೆ ಮನೆಯ ಜೀಪೇ ಹೊರಡಲಿ, ಹಿಂದಿನ ಸೀಟಿನಲ್ಲಿ ಒಬ್ಬರು ಒತ್ತಿ ಹಿಡಿದೇ ಕೂರಲಿ.

ಪೊಲೀಸ್ ಕೇಸಿನ ಭಯಕ್ಕೆ ಗಾಯಾಳುವನ್ನು ಮನೆಯಲ್ಲೇ ಮಲಗಿಸಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಅನಾಹುತ. ಕಾನೂನಿನ ವಿಧಿಗಳಿಗೆ ಕಾಯದೆ ಮೊದಲು ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲೇ, ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಆಸ್ಪತ್ರೆಯವರು ಠಾಣೆಗೆ ತಿಳಿಸುತ್ತಾರೆ ನಿಜ, ಆದರೆ ಚಿಕಿತ್ಸೆ ಅದಕ್ಕಾಗಿ ನಿಲ್ಲುವಂತಿಲ್ಲ. ‘ಬಿದ್ದು ಕೋಲು ಚುಚ್ಚಿತು’ ಎಂದು ಸುಳ್ಳು ಹೇಳಿದರೆ ವೈದ್ಯರು ಒಂದೇ ರಂಧ್ರ ಹುಡುಕುತ್ತಾ ಕೂರುತ್ತಾರೆ. ಎಷ್ಟು ದೂರದಿಂದ ಹಾರಿದ್ದು, ತೋಟೆಯೋ ಕೇಪಿನದೋ, ಯಾವ ನಂಬರಿನ (ಗಾತ್ರದ) ಚರೆ ಎಂಬುದನ್ನು ಮೊದಲೇ ತಿಳಿಸಿ. ತುಂಬದೆ ಉಳಿದ ಅದೇ ಬಗೆಯ ತೋಟೆಗಳಿದ್ದರೆ ಅವುಗಳ ಡಬ್ಬಿಯ ಮೇಲಿನ ಬರಹದ ಫೋಟೊ ತೆಗೆದುಕೊಂಡು ಹೋಗಿ. ಎಕ್ಸ್‌ರೇಯಲ್ಲಿ ಎಂಥ ಕಾಳು, ಎಷ್ಟು ಕಾಳು ಹುಡುಕಬೇಕೆಂಬುದು ಅದರಿಂದ ಅಂದಾಜಾಗುತ್ತದೆ.

— ಶಸ್ತ್ರವೈದ್ಯರೊಬ್ಬರು, ತೀರ್ಥಹಳ್ಳಿ