ಆ ರಾತ್ರಿ ಫೋನಿನಲ್ಲಿದ್ದ ಮೇಡಂಗೆ

ನಮ್ಮದು ಪುಟ್ಟ ಸ್ಟೇಷನರಿ ಅಂಗಡಿ. ಹಳೆಯ ಎಕ್ಸೆಲ್ ಪಟ್ಟಿಯನ್ನು ಹೊಸ ಸ್ಟಾಕ್ ಸಾಫ್ಟ್‌ವೇರ್‌ಗೆ ಹಾಕಲು ಕೂತಿದ್ದೆ. ಸುಮಾರು 1,800 ಐಟಂ. ಅದನ್ನು ಸಿಎಸ್‌ವಿ (ಬರೀ ಅಕ್ಷರ-ಅಂಕಿಗಳ ಸಾದಾ ಫೈಲ್) ಮಾಡಿ ಹಾಕಿದಾಗಲೆಲ್ಲ 'ಈ ಬಾರ್‌ಕೋಡ್ ಈಗಾಗಲೇ ಇದೆ' ಅಂತಲೇ ಬರುತ್ತಿತ್ತು. ಬೆಳಿಗ್ಗೆ ಅಂಗಡಿ ತೆರೆಯಬೇಕು. ಕೈಕಾಲೇ ಆಡಲಿಲ್ಲ.

ಸಹಾಯವಾಣಿಗೆ ಫೋನ್ ಮಾಡಿದೆ. "ಗಾಬರಿ ಆಗಬೇಡಿ ಸರ್, ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಒಂದು ಸಾಲು ಓದಿ" ಅಂದರು ಒಬ್ಬ ಮೇಡಂ. ಓದಿದೆ: 8.90123ಇ+12. ಎಡವಟ್ಟು ಅಲ್ಲೇ ಇತ್ತು. 890ರಿಂದ ಶುರುವಾಗುವ 13 ಅಂಕಿಯ ಬಾರ್‌ಕೋಡುಗಳು ಎಕ್ಸೆಲ್‌ನ ಈ ಚುಟುಕು ರೂಪದಲ್ಲಿ ಮೊಟಕಾಗಿ, ಎಷ್ಟೋ ಐಟಂಗಳದ್ದು ಒಂದೇ ಥರ ಆಗಿಬಿಟ್ಟಿತ್ತು.

"ನಿಮ್ಮ ಮೂಲ ಶೀಟಿನಲ್ಲಿ ಅಂಕಿ ಹಾಗೇ ಇವೆ, ಏನೂ ಹೋಗಿಲ್ಲ" ಅಂದರು. ಆಗ ಹೋದ ಜೀವ ಬಂದಂತಾಯಿತು. ಆ ಕಾಲಂ ಅನ್ನು 'ನಂಬರ್' ಮಾಡಿಸಿ, ದಶಮಾಂಶ ಸೊನ್ನೆಗೆ ಇಳಿಸಿ, ಮತ್ತೆ ಸೇವ್ ಮಾಡಿಸಿದರು. ಮೊದಲು ಐದೇ ಐಟಂ ಹಾಕಿಸಿದರು. ಒಂದು ಪೆನ್ನಿನ ಡಬ್ಬಿ ಸ್ಕ್ಯಾನ್ ಮಾಡಿದೆ. ಬೀಪ್ ಅಂತು, ಹೆಸರು ಬಂತು! ಆಮೇಲೇ ಪೂರ್ತಿ ಪಟ್ಟಿ. ಮುಗಿಯುವವರೆಗೂ ಸುಮ್ನೆ ಲೈನಿನಲ್ಲೇ ಕಾದರು.

ಖುಷಿಯಲ್ಲಿ ಹೆಸರು ಕೇಳುವುದನ್ನೇ ಮರೆತೆ. ತುಂಬಾ ಥ್ಯಾಂಕ್ಸ್ ಮೇಡಂ. ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಬಿಲ್ ಹಾಕಿದೆ.