ವಿಷಯ: ನೀವು ರೀಬೋರ್ ಮಾಡಿದ ಸಿಲಿಂಡರ್ 23 ಕಿಲೋಮೀಟರಿಗೇ ಸೀಜ್ ಆದ ಬಗ್ಗೆ ದೂರು

ನಮಸ್ಕಾರ,

ನಾನು ನಿಮ್ಮಲ್ಲಿಗೆ ರೀಬೋರ್‌ಗೆ, ಅಂದರೆ ಸವೆದ ಒಳಗೋಡೆ ಕೊರೆದು ದೊಡ್ಡದು ಮಾಡಲು, ಕಳಿಸಿದ್ದು ಯಮಹಾ ಆರ್‌ಡಿ 350 ಬೈಕಿನ ಎರಡು ಸಿಲಿಂಡರ್. 1973ರ ಗಾಡಿ. ನೀವು ಕೆಲಸ ಮುಗಿಸಿ ವಾಪಸ್ ಕಳಿಸಿದಿರಿ. ನಾನು ಎಂಜಿನ್ ಕಟ್ಟಿದೆ. 23ನೇ ಕಿಲೋಮೀಟರಿನಲ್ಲಿ ಎಡಗಡೆ ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಂತಿತು. ಫೋನ್ ಮಾಡಿ ಎರಡು ಸಲ ಹೇಳಿದೆ. ಎರಡು ಸಲವೂ "ಮಾಡಿಫೈ ಮಾಡಿದ ಗಾಡಿಗೆ ನಾವು ಗ್ಯಾರಂಟಿ ಕೊಡೋದಿಲ್ಲ" ಅಂತ ಅದೇ ಮಾತು ಹೇಳಿ ಫೋನ್ ಇಟ್ಟಿರಿ. ಅದಕ್ಕೇ ಈಗ ಎಲ್ಲವನ್ನೂ ಅಳತೆ ಸಮೇತ ಬರೆದು ಕಳಿಸುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ. ಕೆಲಸ ಮಾಡಿದ ಮಷೀನಿಸ್ಟ್‌ಗೂ ಓದಲು ಕೊಡಿ.

ಈ ಗಾಡಿ ನನ್ನ ಕೈಗೆ ಬಂದಾಗ ಗಾಡಿಯ ರೂಪದಲ್ಲೇ ಇರಲಿಲ್ಲ. ಒಂದು ಫ್ರೇಮ್, ಎರಡು ಚಕ್ರ, ಉಳಿದದ್ದೆಲ್ಲ ನಾಲ್ಕು ರಟ್ಟಿನ ಡಬ್ಬದಲ್ಲಿ. ಮೂರು ವರ್ಷ ರಜೆ ದಿನಗಳಲ್ಲಿ, ರಾತ್ರಿ ಹೊತ್ತಿನಲ್ಲಿ ಕೂತು ಒಂದೊಂದೇ ಸಾಮಾನು ತೊಳೆದು, ತುಕ್ಕು ತೆಗೆದು, ಯಾವುದು ಎಲ್ಲಿಯದು ಅಂತ ಹುಡುಕಿ ಜೋಡಿಸಿದ್ದೇನೆ. ಕ್ರ್ಯಾಂಕಿಗೆ ಹೊಸ ಬೇರಿಂಗ್, ಹೊಸ ಆಯಿಲ್ ಸೀಲ್ ಹಾಕಿಸಿದ್ದೇನೆ. ಜಪಾನಿನ ಹಳೇ ಗಾಡಿಗಳ ಸ್ಕ್ರೂ ತಲೆಗೆ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಸರಿಯಾಗಿ ಕೂರುವುದಿಲ್ಲ, ತಲೆ ಸವೆದುಹೋಗುತ್ತದೆ. ಅದಕ್ಕೆ ಅಂತಲೇ ಜೆಐಎಸ್ (ಜಪಾನಿನ ಅಳತೆಯ) ಸ್ಕ್ರೂಡ್ರೈವರ್ ತರಿಸಿಕೊಂಡು, ಅದು ಬರುವ ತನಕ ಎರಡು ವಾರ ಎಂಜಿನ್ ಮುಟ್ಟದೆ ಇಟ್ಟಿದ್ದೆ. ಇದನ್ನು ಯಾಕೆ ಹೇಳ್ತಿದ್ದೇನೆ ಅಂದರೆ, "ಕಟ್ಟುವಾಗ ನೀವೇ ಏನೋ ತಪ್ಪು ಮಾಡಿರ್ತೀರ" ಅಂತ ನಿಮ್ಮವರೊಬ್ಬರು ಫೋನಿನಲ್ಲಿ ಅಂದರು. ಆ ಮಾತು ನನಗೆ ತುಂಬಾ ನೋವು ಮಾಡಿತು.

ನಿಮಗೆ ಗೊತ್ತಿರುವ ವಿಷಯವೇ, ಆದರೂ ಬರೆಯುತ್ತೇನೆ. ಈ ಎಂಜಿನ್ನಿನ ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 64 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 54 ಮಿ.ಮೀ. ಒಟ್ಟು 347 ಸಿಸಿ. ಬೋರ್ ಸವೆದಾಗ 0.25, 0.50, 0.75, ಕೊನೆಗೆ 1.00 ಮಿ.ಮೀ. ದೊಡ್ಡದು ಅಂತ ನಾಲ್ಕು ಓವರ್‌ಸೈಜ್ ಪಿಸ್ಟನ್ ಇವೆ. ಅಂದರೆ ಒಂದು ಸಿಲಿಂಡರನ್ನು ಒಟ್ಟು ನಾಲ್ಕು ಸಲ ಕೊರೆಯಬಹುದು, ಅಷ್ಟೇ. ನನ್ನ ಕೈಗೆ ಬರುವ ಹೊತ್ತಿಗೇ ಒಂದು ಸಲ ಕೊರೆದಾಗಿತ್ತು, ಅದೂ ಸವೆದಿತ್ತು. ಹಾಗಾಗಿ 0.50 ಓವರ್‌ಸೈಜಿನ ಹೊಸ ಪಿಸ್ಟನ್ ಜೊತೆ ನಿಮಗೆ ಕಳಿಸಿದೆ. 1976ಕ್ಕೆ ಆರ್‌ಡಿ 400 ಬಂತು, ಜಪಾನಿನಲ್ಲಿ ಯಮಹಾ ಈ ಏರ್ ಕೂಲ್ಡ್ 350 ನಿಲ್ಲಿಸಿತು. ಒಳ್ಳೆ ಸಿಲಿಂಡರ್ ಬೇಕು ಅಂದರೆ ಎಲ್ಲಾದರೂ ಹಳೆಯದನ್ನೇ ಹುಡುಕಬೇಕು. ಸಿಲಿಂಡರಿನ ಒಳಗಿನ ಕಬ್ಬಿಣದ ಸ್ಲೀವ್‌ನಿಂದ ಒಂದು ಸಲ ತೆಗೆದ ಲೋಹ ಮತ್ತೆ ಬರುವುದಿಲ್ಲ ಅಂತ ಗೊತ್ತಿದ್ದೇ ನಾನು ಅಷ್ಟು ವಿವರವಾಗಿ ಬರೆದು ಕಳಿಸಿದ್ದು.

ಆ ಚೀಟಿಯ ನಕಲು ನನ್ನ ಹತ್ತಿರ ಇದೆ. ಎಡಗಡೆ ಪಿಸ್ಟನ್ 64.462, ಬಲಗಡೆ ಪಿಸ್ಟನ್ 64.455. ಎರಡನ್ನೂ ಮೈಕ್ರೋಮೀಟರಿನಲ್ಲಿ ಅಳೆದಿದ್ದೆ. ಪಿನ್ನಿಗೆ ಅಡ್ಡಲಾಗಿ, ಸ್ಕರ್ಟಿನ (ಪಿಸ್ಟನ್ನಿನ ಕೆಳಮೈಯ) ಕೆಳಗಿನ ಅಂಚಿನಿಂದ 10 ಮಿ.ಮೀ. ಮೇಲೆ. ಕ್ಲಿಯರೆನ್ಸ್, ಅಂದರೆ ಪಿಸ್ಟನ್ನಿಗೂ ಬೋರಿಗೂ ನಡುವಿನ ಸಂದು, 0.045 ಮಿ.ಮೀ. ಇಡಿ ಅಂತ ಬರೆದಿದ್ದೆ. ಲೆಕ್ಕವನ್ನೂ ನಾನೇ ಹಾಕಿ ಕೊಟ್ಟಿದ್ದೆ: ಎಡಗಡೆ ಬೋರ್ 64.507, ಬಲಗಡೆ 64.500. ಎರಡು ಪಿಸ್ಟನ್ ಒಂದೇ ಡಬ್ಬದಿಂದ ಬಂದರೂ ಅಳತೆಯಲ್ಲಿ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ ಅಲ್ವಾ? ಅದಕ್ಕೇ ಯಾವ ಪಿಸ್ಟನ್ ಯಾವ ಸಿಲಿಂಡರಿಗೆ ಅಂತ ತಲೆ ಮೇಲೆ ಮಾರ್ಕರ್‌ನಲ್ಲಿ "ಎಡ", "ಬಲ" ಅಂತ ಬರೆದು, ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೆ.

ವಾಪಸ್ ಬಂದಾಗ ಎರಡೂ ಪಿಸ್ಟನ್ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇದ್ದವು. ಬಟ್ಟೆ ಇಲ್ಲ. ಮಾರ್ಕರ್ ಗುರುತು ಅಳಿಸಿಹೋಗಿತ್ತು. ದಾರಿಯುದ್ದಕ್ಕೂ ಒಂದಕ್ಕೊಂದು ಬಡಿದು ಒಂದರ ಸ್ಕರ್ಟಿನ ಅಂಚಿನಲ್ಲಿ ಅಕ್ಕಿಕಾಳಿನ ಅರ್ಧದಷ್ಟು ಗಾತ್ರದ ಏಟು ಬಿದ್ದಿತ್ತು. ಅದನ್ನು ನೋಡಿದ ತಕ್ಷಣ ನನಗೆ ಹೊಟ್ಟೆ ತೊಳಸಿದ ಹಾಗಾಯಿತು. ಮತ್ತೆ ಅಳೆದು ಎಡ ಬಲ ಕಂಡುಹಿಡಿದೆ, ಆ ಏಟನ್ನು ಸಣ್ಣ ಅರದಿಂದ ಹುಷಾರಾಗಿ ತೆಗೆದೆ.

ಜೊತೆಗೆ ನಿಮ್ಮ ಅಳತೆ ಹಾಳೆ ಬಂದಿತ್ತು. ಅದನ್ನು ಇವತ್ತೂ ಎದುರಿಗೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಪ್ರತಿ ಸಿಲಿಂಡರಿಗೆ ಮೇಲೆ, ನಡುವೆ, ಕೆಳಗೆ ಅಂತ ಮೂರು ಜಾಗ. ಪ್ರತಿ ಜಾಗದಲ್ಲಿ ಎರಡು ದಿಕ್ಕು. ಒಟ್ಟು 12 ಚೌಕ. ಹನ್ನೆರಡರಲ್ಲೂ 64.50 ಅಂತಲೇ ಬರೆದಿದೆ. ಒಂದೇ ಪೆನ್ನು, ಒಂದೇ ಓಟದಲ್ಲಿ ಬರೆದ ಅಕ್ಷರ. ಬೋರ್ ಗೇಜ್ ಹಾಕಿ ಅಳೆದವರು ಎರಡು ದಶಾಂಶಕ್ಕೆ ನಿಲ್ಲಿಸುವುದಿಲ್ಲ. ಮೂರನೇ ಅಂಕಿಯಲ್ಲೇ ಕ್ಲಿಯರೆನ್ಸ್ ಇರುವುದು. ಎಷ್ಟೇ ಚೆನ್ನಾಗಿ ಹೋನ್ ಮಾಡಿದರೂ (ಕಲ್ಲಿನಿಂದ ಒಳಗೋಡೆ ಉಜ್ಜಿ ನಯ ಮಾಡಿದರೂ) 12 ಜಾಗದಲ್ಲಿ 12 ಸಲ ಅದೇ ಅಂಕಿ ಬರುವುದೂ ಇಲ್ಲ. ಆ ಹಾಳೆಯ ಕೆಳಗೆ "ಪರೀಕ್ಷಿಸಲಾಗಿದೆ" ಅಂತ ಸೀಲ್ ಇದೆ. ಅದಕ್ಕೆ ಸಹಿ ಹಾಕಿದವರು ಯಾರು, ಅವರು ಯಾವ ಗೇಜಿನಲ್ಲಿ ಅಳೆದರು ಅಂತ ನನಗೆ ತಿಳಿಯಬೇಕು.

ನನ್ನ ಹತ್ತಿರ ಬೋರ್ ಗೇಜ್ ಇಲ್ಲ. ಮೈಕ್ರೋಮೀಟರ್ ಇದೆ, ಡಯಲ್ ಗೇಜ್ ಇದೆ. ಬೋರ್ ಗೇಜ್ ಇದ್ದು, ಬೋರಿಂಗ್ ಮಷೀನ್ ಇದ್ದು, ದಿನಾ ಅದೇ ಕೆಲಸ ಮಾಡುವವರು ಅಂತಲೇ ನಿಮಗೆ ಕೊಟ್ಟಿದ್ದು. ಸೀಲ್ ಇರುವ ಹಾಳೆ ನಂಬಿದೆ.

ಕಟ್ಟುವ ಮೊದಲು ಎರಡೂ ಸಿಲಿಂಡರನ್ನು ಬಿಸಿನೀರು, ಸೋಪು ಹಾಕಿ ಉಜ್ಜಿ ತೊಳೆದೆ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದಿ ಬಣ್ಣ ಬರುತ್ತಲೇ ಇತ್ತು. ಹೋನಿಂಗ್ ಕಲ್ಲಿನ ಪುಡಿ ನೀವು ತೊಳೆದೇ ಇರಲಿಲ್ಲ. ಬಟ್ಟೆ ಬೆಳ್ಳಗೆ ಉಳಿಯಲು ಆರು ಸಲ ತೊಳೆಯಬೇಕಾಯಿತು. ಎಂಜಿನ್ನಿಗೆ ಆಯಿಲ್ ಕೊಡುವ ಆಟೋಲೂಬ್ ಪಂಪಿನ ಗಾಳಿ ತೆಗೆದೆ, ಎರಡೂ ಕಡೆಗೆ ಆಯಿಲ್ ಬರುವುದನ್ನು ಕಣ್ಣಾರೆ ನೋಡಿದೆ. ಸ್ಟಾರ್ಟ್ ಮಾಡುವ ಮೊದಲು ಸೋರಿಕೆ ನೋಡಲು ಎಂಜಿನ್ ಮುಚ್ಚಿ 6 ಪಿಎಸ್‌ಐ ಗಾಳಿ ತುಂಬಿ 6 ನಿಮಿಷ ಇಟ್ಟೆ, ಮುಳ್ಳು ಅಲ್ಲಾಡಲಿಲ್ಲ. ಟೈಮಿಂಗ್ ಡಯಲ್ ಗೇಜ್ ಇಟ್ಟು ಸೆಟ್ ಮಾಡಿದೆ. ಮೂರು ಸಲ ಸ್ಟಾರ್ಟ್ ಮಾಡಿ, ಬೆಚ್ಚಗಾದ ಮೇಲೆ ಆಫ್ ಮಾಡಿ, ಫಿನ್ ಮೇಲೆ ಕೈಯಿಟ್ಟರೆ ತಣ್ಣಗೆ ಅನ್ನಿಸುವ ತನಕ ಬಿಟ್ಟೆ. ಆಮೇಲೇ ರಸ್ತೆಗೆ ಇಳಿಸಿದ್ದು. ಅರ್ಧ ಥ್ರಾಟಲ್ ದಾಟಲಿಲ್ಲ.

23ನೇ ಕಿಲೋಮೀಟರಿನಲ್ಲಿ ಸದ್ದು ಒಂಚೂರು ಬಿಗಿಯಾಯಿತು. ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಗಾಡಿ ನಿಧಾನ ಆಯಿತು, ನನಗೆ ಗೊತ್ತಾಗುವಷ್ಟರಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಕಿರ್ ಅಂತ ಎಳೆದುಕೊಂಡು ಹೋಯಿತು. ಹೊಸದಾಗಿ ಕಟ್ಟಿದ ಎಂಜಿನ್ ಅಂತ ಎರಡು ಬೆರಳು ಕ್ಲಚ್ ಮೇಲೇ ಇಟ್ಟಿದ್ದೆ, ಹಿಡಿದೆ, ಬದಿಗೆ ತಂದೆ. ಹಿಂದೆ ಯಾವ ವಾಹನವೂ ಇರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಧಸಕ್ ಅನ್ನುತ್ತದೆ. ನಿಮ್ಮಲ್ಲಿ ಬೋರಿಂಗ್ ಮಷೀನ್ ಮುಂದೆ ನಿಲ್ಲುವವರಿಗೆ ಈ ಒಂದು ವಿಷಯ ದಯವಿಟ್ಟು ಹೇಳಿ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ಲಿಯರೆನ್ಸ್ ತಪ್ಪಿದರೆ ಹಾಳಾಗುವುದು ಬರೀ ಪಿಸ್ಟನ್ ಅಲ್ಲ, ಮೇಲೆ ಒಬ್ಬ ಮನುಷ್ಯ ಕೂತಿರುತ್ತಾನೆ.

ಮನೆಗೆ ತಂದು ಬಿಚ್ಚಿದೆ. ಎಡಗಡೆ ಪಿಸ್ಟನ್ ಮೇಲೆ ಸರಿಯಾಗಿ ನಾಲ್ಕು ಜಾಗದಲ್ಲಿ ಉದ್ದುದ್ದ ಗೀರು. ಪಿನ್ನಿನ ಎರಡೂ ಪಕ್ಕ, ಆ ಕಡೆ ಎರಡು ಈ ಕಡೆ ಎರಡು. ಉಳಿದ ಮೈ ಕನ್ನಡಿ ಥರ ಸ್ವಚ್ಛ. ಫೋನಿನಲ್ಲಿ ನೀವು "ಜೆಟ್ ಸಣ್ಣದು ಹಾಕಿರ್ತೀರ, ಮಿಕ್ಸ್ಚರ್ ಲೀನ್ ಆಗಿ ಸೀಜ್ ಆಗಿದೆ" ಅಂದಿರಲ್ಲ, ಅದು ಇಲ್ಲಿ ಹೊಂದುವುದಿಲ್ಲ. ಲೀನ್ ಆಗಿ, ಅಂದರೆ ಪೆಟ್ರೋಲ್ ಕಡಿಮೆಯಾಗಿ, ಸೀಜ್ ಆದರೆ ಗೀರು ಹೆಚ್ಚಾಗಿ ಎಕ್ಸಾಸ್ಟ್ ಕಡೆ ಇರುತ್ತದೆ, ಪಿಸ್ಟನ್ ತಲೆ ಕಾದ ಗುರುತು ಕಾಣುತ್ತದೆ. ಇಲ್ಲಿ ತಲೆ ಚೆನ್ನಾಗಿದೆ, ಪ್ಲಗ್ ತಿಳಿ ಕಂದು ಬಣ್ಣಕ್ಕಿದೆ, ಜೆಟ್ ಕಂಪನಿಯದ್ದೇ. ನಾಲ್ಕು ಮೂಲೆ ಗೀರು ಬರುವುದು ಪಿಸ್ಟನ್ ಹಿಗ್ಗಲು ಜಾಗ ಇಲ್ಲದಾಗ, ಇಲ್ಲವೇ ತಣ್ಣಗಿರುವ ಎಂಜಿನ್ನನ್ನು ಜೋರಾಗಿ ಓಡಿಸಿದಾಗ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಪಿನ್ ಕೂರುವ ಜಾಗದಲ್ಲಿ ಲೋಹ ದಪ್ಪ, ಅಲ್ಲೇ ಜಾಸ್ತಿ ಹಿಗ್ಗುವುದು, ಅಲ್ಲೇ ಮೊದಲು ಉಜ್ಜುವುದು. ನಾನು ತಣ್ಣಗೆ ಓಡಿಸಿಲ್ಲ. 23 ಕಿಲೋಮೀಟರ್ ಆಗಿತ್ತು.

ಊಹೆ ಮಾತ್ರ ಇಟ್ಟುಕೊಂಡು ಬರೆಯಬಾರದು ಅಂತ ಎರಡೂ ಸಿಲಿಂಡರನ್ನು ಬೇರೊಬ್ಬ ಮಷೀನಿಸ್ಟ್ ಹತ್ತಿರ ತೆಗೆದುಕೊಂಡು ಹೋದೆ. ಅವರು ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ನನ್ನ ಎದುರಿಗೇ ಅಳೆದರು. ಬಲಗಡೆ 64.486, ಇನ್ನೊಂದು ದಿಕ್ಕಿನಲ್ಲಿ 64.484. ಎಡಗಡೆ ಗೀರು ಬೀಳದ ಕೆಳಭಾಗದಲ್ಲಿ ಒಂದು ದಿಕ್ಕಿಗೆ 64.489, ಇನ್ನೊಂದು ದಿಕ್ಕಿಗೆ 64.478. ಅಂದರೆ ಬೋರ್ ದುಂಡಗೂ ಇಲ್ಲ. ಎಡಗಡೆ ಪಿಸ್ಟನ್ನಿಗೆ ನಾನು 0.045 ಕೇಳಿದ್ದೆ, ಸಿಕ್ಕಿದ್ದು ಒಂದು ಕಡೆ 0.027, ಇನ್ನೊಂದು ಕಡೆ 0.016. ಬಲಗಡೆ 0.030ರ ಆಸುಪಾಸು. ಅದು ಪೂರ್ತಿ ಕಚ್ಚಿಕೊಳ್ಳಲಿಲ್ಲ, ಆದರೆ ಅದರ ಪಿಸ್ಟನ್ ಮೇಲೂ ಅದೇ ನಾಲ್ಕು ಜಾಗ ಹೊಳೆಯಲು ಶುರುವಾಗಿದೆ.

ಆ ಮಷೀನಿಸ್ಟ್ ಒಂದು ಮಾತು ಹೇಳಿದರು. ಹೋನಿಂಗ್ ಮುಗಿದ ತಕ್ಷಣ, ಸಿಲಿಂಡರ್ ಬಿಸಿ ಇರುವಾಗಲೇ ಅಳೆದರೆ ಬೋರ್ ದೊಡ್ಡದಾಗಿ ತೋರಿಸುತ್ತದೆ ಅಂತ. ಲೆಕ್ಕ ಹಾಕಿ ನೋಡಿದೆ. 64.5 ಮಿ.ಮೀ. ಕಬ್ಬಿಣದ ಬೋರ್ 20 ಡಿಗ್ರಿ ಬಿಸಿ ಆದರೆ ಸುಮಾರು 0.014 ದೊಡ್ಡದಾಗುತ್ತದೆ. ಬಲಗಡೆ ಸಿಲಿಂಡರಿನಲ್ಲಿ 64.500ಕ್ಕೆ ಕಡಿಮೆ ಬಿದ್ದಿರುವುದು ಹೆಚ್ಚುಕಡಿಮೆ ಅಷ್ಟೇ. ಬಹುಶಃ ನಿಮ್ಮಲ್ಲಿ ಆದದ್ದು ಇದೇ. ನನ್ನ ಚೀಟಿ ಪಕ್ಕಕ್ಕಿಟ್ಟು, ಎರಡಕ್ಕೂ 64.50 ಅಂತ ಇಟ್ಟುಕೊಂಡು, ಬಿಸಿ ಇರುವಾಗ ಒಂದು ಸಲ ಗೇಜ್ ಹಾಕಿ, ತಣ್ಣಗಾದ ಮೇಲೆ ಮತ್ತೆ ನೋಡದೆ ಹಾಳೆ ತುಂಬಿಸಿದ್ದೀರಿ. ಅರ್ಧ ಗಂಟೆ ಕಾದಿದ್ದರೆ ಸಾಕಿತ್ತು.

ಇನ್ನೊಂದು ವಿಷಯ. ಕೊರೆದ ಮೇಲೆ ಪೋರ್ಟುಗಳ (ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗಳ) ಅಂಚನ್ನು ಸ್ವಲ್ಪ ಮೊಂಡು ಮಾಡಬೇಕು, ಇಲ್ಲದಿದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ. ಇದನ್ನೂ ಚೀಟಿಯಲ್ಲಿ ಬರೆದಿದ್ದೆ. ಎಕ್ಸಾಸ್ಟ್ ಪೋರ್ಟುಗಳ ಅಂಚನ್ನು ಮಾತ್ರ ಮಾಡಿದ್ದೀರಿ, ಕಟ್ಟುವಾಗ ನಾನು ಬೆರಳಾಡಿಸಿ ನೋಡಿದ್ದೂ ಅದನ್ನೇ. ಟ್ರಾನ್ಸ್‌ಫರ್ ಪೋರ್ಟುಗಳ ಮೇಲಂಚಿಗೆ ಉಗುರು ಎಳೆದರೆ ಬ್ಲೇಡಿನ ಹಾಗೆ ಉಗುರನ್ನು ಕೆತ್ತುತ್ತದೆ.

ಈಗ ನಿಮ್ಮ "ಮಾಡಿಫೈ" ಮಾತಿಗೆ ಬರುತ್ತೇನೆ. ಹೌದು, ನಾನು ಬದಲಾಯಿಸಿದ್ದೇನೆ. ಕಿಡಿ ಕೊಡಿಸುವ ಹಳೇ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ದೇನೆ, ಮುಂದಿನ ಫೋರ್ಕಿಗೆ ಗಟ್ಟಿ ಸ್ಪ್ರಿಂಗ್ ಹಾಕಿದ್ದೇನೆ. ಎರಡನ್ನೂ ಕೆಲಸ ಕೊಡುವಾಗ ನಾನೇ ಹೇಳಿದ್ದೆ, ಆಗ ನೀವು ಬೇಡ ಅನ್ನಲಿಲ್ಲ. ಏರ್ ಬಾಕ್ಸ್, ಕಾರ್ಬ್ಯುರೇಟರ್, ಸೈಲೆನ್ಸರ್ ಎಲ್ಲ ಮೊದಲಿನದ್ದೇ. ಫೋರ್ಕ್ ಸ್ಪ್ರಿಂಗ್ ಬದಲಾಯಿಸಿದ್ದಕ್ಕೆ ಸಿಲಿಂಡರ್ ಬೋರ್ 0.029 ಚಿಕ್ಕದಾಗುತ್ತದೆಯೇ? ಹಳೇ ಗಾಡಿ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದನ್ನು ಬದಲಾಯಿಸಿಯೇ ಇರುತ್ತಾರೆ. ದಾರಿಯಲ್ಲಿ ಕೈಕೊಡದೆ ಓಡಲಿ ಅಂತ ಮಾಡುವ ಕೆಲಸ ಅದು. ಅದನ್ನೇ ನೆಪ ಮಾಡಿದರೆ ನಿಮ್ಮ ಹತ್ತಿರ ಬರುವ ಯಾವ ಗಿರಾಕಿಗೂ ಗ್ಯಾರಂಟಿ ಉಳಿಯುವುದಿಲ್ಲ. ನಾನು ಕೇಳುತ್ತಿರುವುದು ಇಗ್ನಿಷನ್ ಬಗ್ಗೆ ಅಲ್ಲ, ನೀವು ಕೊರೆದ ಬೋರಿನ ಬಗ್ಗೆ.

ನನಗೆ ಆದ ನಷ್ಟ ಇದು. ಎಡಗಡೆ ಸಿಲಿಂಡರಿನ ಗೀರು ಆಳ ಇದೆ, 0.75ಕ್ಕೆ ಕೊರೆಯದೆ ಬೇರೆ ದಾರಿ ಇಲ್ಲ. ಎರಡೂ ಕಡೆ ಒಂದೇ ಸೈಜ್, ಒಂದೇ ತೂಕದ ಪಿಸ್ಟನ್ ಇರಬೇಕು, ಹಾಗಾಗಿ ಸುಮ್ನೆ ಹೋನ್ ಮಾಡಿದ್ದರೆ ಸರಿಹೋಗುತ್ತಿದ್ದ ಬಲಗಡೆ ಸಿಲಿಂಡರನ್ನೂ ಈಗ ಕೊರೆಯಬೇಕು. ಎಷ್ಟೋ ವರ್ಷ ಓಡಬೇಕಿದ್ದ ಒಂದು ಪೂರ್ತಿ ಸೈಜ್ 23 ಕಿಲೋಮೀಟರಿಗೆ ಮುಗಿದುಹೋಯಿತು. ಇನ್ನು ಉಳಿಯುವುದು ಒಂದೇ ಸಲ.

ಆದ್ದರಿಂದ ಬೋರಿಂಗ್, ಹೋನಿಂಗ್‌ಗೆ ಕೊಟ್ಟ ಪೂರ್ತಿ ಹಣ ವಾಪಸ್ ಕೊಡಿ. 0.75 ಓವರ್‌ಸೈಜಿನ ಎರಡು ಪಿಸ್ಟನ್, ರಿಂಗ್, ಪಿನ್, ಸರ್ಕ್ಲಿಪ್, ಗ್ಯಾಸ್ಕೆಟ್ ಸೆಟ್ ಖರ್ಚು ಕೊಡಿ. ಮುಂದಿನ ರೀಬೋರನ್ನು ನಾನು ಬೇರೆ ಕಡೆ ಮಾಡಿಸುತ್ತೇನೆ, ಅದರ ಬಿಲ್ ನಿಮ್ಮದು. ನೀವೇ ಮತ್ತೆ ಮಾಡಿಕೊಡ್ತೀವಿ ಅಂದರೆ ನಾನು ಒಪ್ಪುವುದಿಲ್ಲ, ಉಳಿದಿರುವ ಲೋಹ ಅಷ್ಟು ಕಡಿಮೆ. ಜೊತೆಗೆ ಆ ಹಾಳೆ ತುಂಬಿಸಿದ್ದು ಹೇಗೆ ಅನ್ನುವುದಕ್ಕೆ ಬರಹದಲ್ಲಿ ಉತ್ತರ ಬೇಕು, ಫೋನಿನಲ್ಲಿ ಅಲ್ಲ.

ಪಿಸ್ಟನ್, ಸಿಲಿಂಡರ್ ಎರಡನ್ನೂ ತೊಳೆಯದೆ ಹಾಗೇ ಇಟ್ಟಿದ್ದೇನೆ. ನಿಮ್ಮ ಕಡೆಯವರು ಯಾರಾದರೂ ಗೇಜ್ ತಂದು ನನ್ನ ಎದುರಿಗೆ ಅಳೆಯುವುದಾದರೆ ಯಾವಾಗ ಬೇಕಾದರೂ ಬರಲಿ. ನನ್ನ ಚೀಟಿಯ ನಕಲು, ನಿಮ್ಮ ಹಾಳೆ, ಎರಡನೇ ಮಷೀನಿಸ್ಟ್ ಬರೆದುಕೊಟ್ಟ ಅಳತೆ, ಪಿಸ್ಟನ್ನಿನ ನಾಲ್ಕು ಕಡೆಯ ಫೋಟೋ ಇದರ ಜೊತೆಗೆ ಇವೆ. 15 ದಿನದೊಳಗೆ ಉತ್ತರ ಬರದಿದ್ದರೆ ಇದೇ ಕಾಗದಗಳನ್ನು ಗ್ರಾಹಕರ ದೂರು ಕೇಳುವವರ ಮುಂದೆ ಇಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ